ಮಿಕ್ಕ ಬಿಸಿಲಿನ ಪೆಟ್ಟಿಗೆ

ಬೇರೆ ಊರುಗಳಿಗೆ ನಲ್ಲಿ ನೀರು ಬರುವ ಹಾಗೆ ನಮ್ಮೂರಿಗೆ ಬಿಸಿಲು ಸರದಿಯ ಮೇಲೆ ಬರುತ್ತದೆ. ಏಳು ಬೀದಿ, ಏಳು ದಿನ. ಸೋಮವಾರದ ಬೀದಿಗೆ ಸೋಮವಾರ, ಮಂಗಳವಾರದ ಬೀದಿಗೆ ಮಂಗಳವಾರ. ಉಳಿದ ಆರು ದಿನ ಪುಸ್ತಕ ಓದುವಷ್ಟು ಬೆಳಕಿರುತ್ತದೆ, ಬಟ್ಟೆ ಒಣಗುವಷ್ಟು ಇರುವುದಿಲ್ಲ. ನಮ್ಮದು ಗುರುವಾರದ ಬೀದಿ. ಹೆಣ್ಣು ಕೊಡುವಾಗ ನಮ್ಮಲ್ಲಿ ಜಾತಕಕ್ಕಿಂತ ಮೊದಲು ಬೀದಿ ಕೇಳುತ್ತಾರೆ. ಗುರುವಾರದ ಹುಡುಗಿ ಭಾನುವಾರದ ಬೀದಿಗೆ ಹೋದರೆ ಅವಳಿಗೆ ವಾರಕ್ಕೆ ಎರಡು ಬಿಸಿಲು, ಗಂಡನ ಮನೆಯದೊಂದು, ತವರಿನದೊಂದು. ಅದೇ ಬೀದಿಯಲ್ಲಿ ಮದುವೆಯಾದ ನನ್ನಂಥವರನ್ನು ಕಂಡು ಜನ ಇವತ್ತಿಗೂ ಲೊಚಗುಟ್ಟುತ್ತಾರೆ.

ಸರದಿಯ ದಿನ ಒಂದು ಕಟ್ಟಳೆ ಇದೆ. ಬಿಸಿಲಿಗೆ ಬಂದವರನ್ನು ಬೇಡ ಅನ್ನಬಾರದು. ಅವತ್ತು ಆ ಬೀದಿಯಲ್ಲಿ ಚಪ್ಪಟೆಯಾಗಿರುವ ಜಾಗವೆಲ್ಲ ಮೊದಲು ಬಂದವರದು, ಅವರು ಯಾವ ಬೀದಿಯವರಾದರೂ ಸರಿ. ಜಗಲಿ, ಕಾಂಪೌಂಡು ಗೋಡೆ, ಬಾವಿಯ ಮುಚ್ಚಳ, ನಿಂತ ಎತ್ತಿನಗಾಡಿ, ಏನೇ ಇರಲಿ. ಒಮ್ಮೆ ಸಂಕಪ್ಪ ತಾತ ಜಗಲಿಯ ಮೇಲೆ ಅಂಗಾತ ನಿದ್ದೆ ಹೋಗಿದ್ದಾಗ ಯಾರೋ ಅವನ ಹೊಟ್ಟೆಯ ಮೇಲೆ ಮೆಣಸಿನಕಾಯಿ ಹರವಿ ಹೋಗಿದ್ದರು. ಎಚ್ಚರವಾದ ಮೇಲೂ ತಾತ ಸಂಜೆಯವರೆಗೆ ಮಿಸುಕಲಿಲ್ಲ. ಅದನ್ನು ದೊಡ್ಡ ಸಂಗತಿ ಅಂತ ಯಾರೂ ಹೇಳಲಿಲ್ಲ, ತಾತನೂ ಹೇಳಲಿಲ್ಲ.

ಇನ್ನೊಂದು ಸುಖವೂ ಇದೆ. ಸರದಿಯ ದಿನ ಪ್ರತಿ ಮನೆಯವರೂ ಹಳೆಯ ಸೀರೆ ಪದರ ಸೇರಿಸಿ ಹೊಲಿದ ಕೌದಿಗಳನ್ನು ಬಿಸಿಲಿಗೆ ಹಾಕುತ್ತಾರೆ. ವಾರವೆಲ್ಲ ಹಸಿದ ಕೌದಿ ಬಿಸಿಲನ್ನು ಗಟಗಟ ಕುಡಿಯುತ್ತದೆ, ಕುಡಿದದ್ದನ್ನು ಮರುದಿನ ಬೆಳಗಾಗುವವರೆಗೆ ಬಿಡುವುದಿಲ್ಲ. ವಾರಕ್ಕೆ ಒಂದೇ ಬೆಚ್ಚನೆಯ ರಾತ್ರಿ. ಅವತ್ತು ಆ ಬೀದಿಯವರು ಏಳಕ್ಕೇ ಉಂಡು ಕದ ಹಾಕಿಕೊಳ್ಳುತ್ತಾರೆ. ಸಾಲ ಕೇಳುವವರೂ ಅವತ್ತು ಆ ಕಡೆ ಸುಳಿಯುವುದಿಲ್ಲ.

ಇಂಥ ಊರಿಗೆ ದಾಕ್ಷಾಯಿಣಮ್ಮ ಬಂದರು.

ಬಂದದ್ದಲ್ಲ, ನಿಂತದ್ದು. ಅವರ ವ್ಯಾನು ಊರ ಬಾಗಿಲಲ್ಲಿ ಕೆಮ್ಮಿ, ಹೊಗೆಯುಗುಳಿ, ನಿಂತುಬಿಟ್ಟಿತು. ಅದು ಹಿಂದೆ ಕಣ್ಣಿನ ಆಸ್ಪತ್ರೆಯ ಗಾಡಿ, ಹಳ್ಳಿಹಳ್ಳಿ ತಿರುಗಿ ಪೊರೆ ನೋಡುತ್ತಿದ್ದದ್ದು. ದಾಕ್ಷಾಯಿಣಮ್ಮ ಅದರಲ್ಲಿ ಇಪ್ಪತ್ತೆಂಟು ವರ್ಷ ನರ್ಸಾಗಿದ್ದರು. ಗಾಡಿಯೂ ಅವರೂ ಒಟ್ಟಿಗೇ ನಿವೃತ್ತಿಯಾದಾಗ ಅದನ್ನು ಹರಾಜಿನಲ್ಲಿ ಕೊಂಡು ಮನೆ ಮಾಡಿಕೊಂಡಿದ್ದರು. ಒಳಗೆ ಮಂಚ, ಒಲೆ, ಒಂದು ಪುಟ್ಟ ಫ್ರಿಜ್, ತುಳಸಿಯ ಕುಂಡ. ಹೊರಗಡೆ ಬಣ್ಣ ಮಾಸಿದ ಒಂದು ದೊಡ್ಡ ಕಣ್ಣು ಹಾಗೇ ಉಳಿದಿತ್ತು. ನೆತ್ತಿಯ ಮೇಲೆ ಕಪ್ಪಗೆ ಮಿರುಗುವ ನಾಲ್ಕು ಸೋಲಾರ್ ಹಲಗೆ. ಇಂಜಿನ್ನಿನ ಯಾವುದೋ ಭಾಗ ದೂರದ ಪಟ್ಟಣದಿಂದ ಬರಬೇಕು, ಬರುವವರೆಗೆ ಇಲ್ಲೇ ಇರುತ್ತೇನೆ ಎಂದರು. ಊರಿನವರು ಕಟ್ಟಳೆ ಹೇಳಿದರು. ಅವರು ನಕ್ಕು, "ಬಿಸಿಲಿಗೆ ಬೇಡ ಅನ್ನಲ್ಲ, ಆಯ್ತಾ" ಎಂದು ಮಾತು ಕೊಟ್ಟರು.

ಮರುದಿನವೇ ಅವರಿಗೆ ನಮ್ಮೂರಿನ ತೊಡಕು ಗೊತ್ತಾಯಿತು. ನಿಂತಲ್ಲೇ ನಿಂತರೆ ವಾರಕ್ಕೊಂದು ದಿನ ಬಿಸಿಲು. ಹಾಗಾಗಿ ದಿನಾ ಬೆಳಿಗ್ಗೆ ಗಾಡಿಯನ್ನು ಅವತ್ತಿನ ಬೀದಿಗೆ ತಳ್ಳುವುದು ಶುರುವಾಯಿತು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕೆಲಸಕ್ಕೆ ಹೊರಟವರು ಹತ್ತು ಹೆಜ್ಜೆ ಭುಜ ಕೊಡುತ್ತಿದ್ದರು, ಮುಂದಿನವರು ಇನ್ನು ಹತ್ತು. ದಾಕ್ಷಾಯಿಣಮ್ಮ ಸ್ಟೇರಿಂಗ್ ಹಿಡಿದು, ಕಿಟಕಿಯಿಂದ ತಲೆ ಹೊರಹಾಕಿ ಒಬ್ಬೊಬ್ಬರ ಹೆಸರು ಕೇಳಿಕೊಂಡು ಹೋಗುತ್ತಿದ್ದರು. ವಾರದೊಳಗೆ ಅವರಿಗೆ ಊರಿನ ಅರ್ಧ ಜನರ ಹೆಸರು, ಕಾಲು ಭಾಗ ಜನರ ಕಣ್ಣಿನ ನಂಬರು ಬಾಯಿಗೆ ಬಂದಿತ್ತು.

ನನ್ನ ಮನೆಗೆ ಅವರು ಬಂದದ್ದು ಮೊಟ್ಟೆಯ ಕಾರಣಕ್ಕೆ.

ನಾನು ಹಾಸ್ಟೆಲಿನ ಅಡಿಗೆಯವಳು. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡಬೇಕು. ಇನ್ನೂರು ಮಕ್ಕಳಿಗೆ ಉಪ್ಪಿಟ್ಟು, ಆಮೇಲೆ ಅನ್ನ ಸಾರು. ಮಧ್ಯಾಹ್ನ ಬಂದು ಬ್ಲೌಸು ಹೊಲಿಯುತ್ತೇನೆ. ನಮ್ಮ ಮನೆಯವರು ಲಾರಿಯ ಮೇಲೆ ಹೋದರೆ ಬರುವುದು ತಿಂಗಳಿಗೊಮ್ಮೆ. ಮಗಳು ವನಜ, ಎಂಟು ವರ್ಷ, ದಿನಾ ಒಬ್ಬಳೇ ಏಳುತ್ತಾಳೆ, ಒಬ್ಬಳೇ ಜಡೆ ಹಾಕಿಕೊಳ್ಳುತ್ತಾಳೆ, ಒಬ್ಬಳೇ ಬೀಗ ಹಾಕಿ ಶಾಲೆಗೆ ಹೋಗುತ್ತಾಳೆ. ಜಡೆಯ ಬೈತಲೆ ಯಾವಾಗಲೂ ಎಡಕ್ಕೆ ಸೊಟ್ಟ. ಇನ್ನೂರು ಮಕ್ಕಳಿಗೆ ಬಡಿಸಿ ಬರುವ ನಾನು ನನ್ನ ಮಗು ಏಳುವುದನ್ನು ಕಂಡದ್ದು ರಜೆಯ ದಿನ ಮಾತ್ರ. ಹೇಗಾದರೂ ಮಾಡಿ ಮನೆಯಲ್ಲೇ ಒಂದು ಕೆಲಸ ಕಟ್ಟಿಕೊಳ್ಳಬೇಕು ಅನ್ನುವುದು ನನ್ನ ಹಟ. ನಮ್ಮೂರಿನ ಕೋಳಿಗಳು ಮೊಟ್ಟೆ ಇಡುತ್ತವೆ, ಕಾವಿಗೆ ಕೂರುವುದಿಲ್ಲ. ಆರು ದಿನ ಮಬ್ಬಿನಲ್ಲಿ ಕೂತ ಕೋಳಿ ಏಳನೆಯ ದಿನ ಬಿಸಿಲು ಕಂಡದ್ದೇ ಎಲ್ಲ ಮರೆತು ಎದ್ದು ಹೋಗುತ್ತದೆ. ಮರಿ ಬೇಕೆಂದರೆ ಎರಡು ದಿನದ ದಾರಿ ಹೋಗಿ ತರಬೇಕು. ಮರಿ ನಾನೇ ಮಾಡಿಸಿದರೆ ಹಾಸ್ಟೆಲ್ ಬಿಡಬಹುದು.

ಮೊದಲ ಸಲ ಒಲೆಯ ಪಕ್ಕದಲ್ಲಿ ಇಟ್ಟು ಇಪ್ಪತ್ತು ಮೊಟ್ಟೆ ಬೇಯಿಸಿಬಿಟ್ಟೆ. ಹಪ್ಪಳದ ಸಿದ್ಲಿಂಗಜ್ಜಿ ಇಡೀ ಬೀದಿಗೆ ಕೇಳುವ ಹಾಗೆ, "ಪುಟ್ಟತಾಯಿ, ಉಪ್ಪು ಮೆಣಸು ನಾನ್ ತರ್ಲೇನೆ?" ಎಂದಿದ್ದಳು. ಸಿದ್ಲಿಂಗಜ್ಜಿ ನಮ್ಮ ಪಕ್ಕದ ಮನೆ. ಊರಿನ ಯಾವ ಮದುವೆಯೂ ಅವಳ ಹಪ್ಪಳ ಸಂಡಿಗೆ ಇಲ್ಲದೆ ಆಗುವುದಿಲ್ಲ, ಯಾರ ಮಾನವೂ ಅವಳ ಬಾಯಿಗೆ ಸಿಗದೆ ಉಳಿಯುವುದಿಲ್ಲ.

ಒಲೆಯ ಶಾಖ ಏರುತ್ತದೆ, ಇಳಿಯುತ್ತದೆ. ಮೊಟ್ಟೆಗೆ ಬೇಕಾದದ್ದು ಮೂವತ್ತೇಳೂವರೆ ಡಿಗ್ರಿ, ಹಗಲು ಇರುಳು ಒಂದೇ ಸಮ, ಇಪ್ಪತ್ತೊಂದು ದಿನ. ಅದಕ್ಕೆ ಮರದ ಪೆಟ್ಟಿಗೆ ಮಾಡಿಸಿ ಬಲ್ಬು ಹಾಕಿದ್ದೆ. ಆದರೆ ಕರೆಂಟು ನಮ್ಮಲ್ಲಿ ಸಂಜೆ ಎರಡು ಗಂಟೆ, ಅದೂ ಅದರ ಮನಸ್ಸಿದ್ದರೆ. ಖಾಲಿ ಪೆಟ್ಟಿಗೆಯ ಮೇಲೆ ಹೊಲಿಗೆಯ ಬಟ್ಟೆ ಮಡಚಿ ಇಟ್ಟಿದ್ದೆ. ಗುರುವಾರ ಗಾಡಿ ನಮ್ಮ ಮನೆ ಮುಂದೆ ನಿಂತಾಗ ದಾಕ್ಷಾಯಿಣಮ್ಮ ನೀರು ಕೇಳಲು ಬಂದವರು ಅದನ್ನು ನೋಡಿದರು. ಬಟ್ಟೆ ಸರಿಸಿದರು, ಒಳಗೆ ತಲೆ ಹಾಕಿದರು, ಬಲ್ಬು ಎಣಿಸಿದರು.

"ಎರಡೇ ಬಲ್ಬಾ? ಇಷ್ಟೇನಾ ಬೇಕಾಗಿರೋದು?"

"ಇಷ್ಟೇ ಅಮ್ಮ. ಆದ್ರೆ ಇಪ್ಪತ್ತೊಂದು ದಿನ ಆರಬಾರದು."

ಅವರು ಪೆಟ್ಟಿಗೆಯ ಮುಚ್ಚಳ ಹಾಕಿ ಹೇಳಿದರು. "ಮಧ್ಯಾಹ್ನ ಹನ್ನೆರಡಕ್ಕೆಲ್ಲ ನನ್ನ ಬ್ಯಾಟರಿ ತುಂಬಿ ಹೋಗುತ್ತೆ ಪುಟ್ಟತಾಯಿ. ಆಮೇಲೆ ಹಲಗೆ ಮೇಲೆ ಬಿದ್ದ ಬಿಸಿಲೆಲ್ಲ ದಂಡ. ದಿನಾ ನೋಡಿ ಹೊಟ್ಟೆ ಉರೀತಿತ್ತು. ಆಸ್ಪತ್ರೆ ಕಾಲದ ಎರಡು ಬ್ಯಾಟರಿ ಮಂಚದ ಕೆಳಗಿವೆ. ಮಿಕ್ಕ ಬಿಸಿಲು ಅದಕ್ಕೆ ತುಂಬಿಸಿದರೆ?"

ಹೀಗೆ ಮಿಕ್ಕ ಬಿಸಿಲಿನ ಪೆಟ್ಟಿಗೆ ಶುರುವಾಯಿತು. ಒಂದು ಬ್ಯಾಟರಿ ನನ್ನ ಮನೆಯಲ್ಲಿ ಬಲ್ಬು ಉರಿಸುವುದು, ಇನ್ನೊಂದು ಗಾಡಿಯಲ್ಲಿ ತುಂಬಿಕೊಳ್ಳುವುದು. ದಿನಾ ದೀಪ ಹಚ್ಚುವ ಹೊತ್ತಿಗೆ ಅದಲು ಬದಲು. ಎತ್ತಲಾಗದ ಭಾರ ಅದು. ಅರವತ್ತು ದಾಟಿದ ಹೆಂಗಸು ಅದನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು, ಅವತ್ತು ಯಾವ ಬೀದಿಯಲ್ಲಿದ್ದರೆ ಆ ಬೀದಿಯಿಂದ, ಕಲ್ಲು ಗುಂಡಿ ತಪ್ಪಿಸುತ್ತ ನಮ್ಮ ಮನೆಗೆ ಬರುತ್ತಿದ್ದರು. ನಾನು ಹೋಗಿ ತರುತ್ತೇನೆ ಎಂದರೆ, "ನೀನು ಅಷ್ಟು ಹೊತ್ತು ಕಾಲು ಚಾಚಿಕೊಂಡು ಕೂತಿರು, ಅದೂ ಒಂದು ಕೆಲಸವೇ" ಎನ್ನುತ್ತಿದ್ದರು. ನನಗೆ ಹಾಗೆ ಹೇಳಿದವರು ಅವರೊಬ್ಬರೇ.

ಊರಿನವರಿಗೆ ಸುದ್ದಿ ಮುಟ್ಟಿತು. ಶುಕ್ರವಾರದ ಬೀದಿಯವರು ಬಂದು, ನಮ್ಮ ಬೀದಿಯ ಬಿಸಿಲನ್ನು ಗುರುವಾರದ ಬೀದಿಗೆ ಸಾಗಿಸುವುದು ಯಾವ ನ್ಯಾಯ ಎಂದು ಕೇಳಿದರು. ದಾಕ್ಷಾಯಿಣಮ್ಮ ಅವರ ಮುಂದೆ ಬ್ಯಾಟರಿ ಇಟ್ಟು, "ನಿಮ್ಮದು ಯಾವುದು ಗುರುತು ಹಿಡಿದು ತಗೊಳ್ಳಿ" ಎಂದರು. ಅವರು ಬಗ್ಗಿ, ಮೂಸಿ, ತಟ್ಟಿ ನೋಡಿ, ಕೊನೆಗೆ ಅವರ ಬೀದಿಯ ಮೊಟ್ಟೆಯನ್ನೂ ಇಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಅದು ಒಳ್ಳೆಯದೇ ಆಯಿತು. ಏಳೂ ಬೀದಿಯಿಂದ ಮೊಟ್ಟೆ ಬಂದವು. ಅರ್ಧ ಮರಿ ಮೊಟ್ಟೆ ಕೊಟ್ಟವರಿಗೆ, ಅರ್ಧ ನನಗೆ. ಒಂದು ಮಂಗಳವಾರ ನೂರಿಪ್ಪತ್ತು ಮೊಟ್ಟೆ ಪೆಟ್ಟಿಗೆಯೊಳಗೆ ಕೂತವು. ಒಂದೊಂದರ ಮೇಲೂ ವನಜ ಸೀಸದಕಡ್ಡಿಯಲ್ಲಿ ವಾರದ ಮೊದಲಕ್ಷರ ಬರೆದಿದ್ದಳು.

ಹದಿನೆಂಟು ದಿನ ಬಲ್ಬು ಒಂದು ಗಳಿಗೆಯೂ ಆರಲಿಲ್ಲ. ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ದಾಕ್ಷಾಯಿಣಮ್ಮ ಒಳಗಿನ ಜೀವ ತೋರಿಸಿದರು. ಕೆಂಪು ನರ, ನಡುವೆ ಮಿಡಿಯುವ ಕಪ್ಪು ಚುಕ್ಕೆ. "ನೋಡು, ಕಣ್ಣು ಮೊದಲು ಬರುತ್ತೆ" ಎಂದರು, ತಮ್ಮ ಕಸುಬಿನ ಹೆಮ್ಮೆಯಲ್ಲಿ.

ಹತ್ತೊಂಬತ್ತನೆಯ ದಿನಕ್ಕೆ ಕಾಲಿಡುವ ಶನಿವಾರ ಆದದ್ದು ಹೀಗೆ.

ಆ ಗುರುವಾರ ಸಿದ್ಲಿಂಗಜ್ಜಿಗೆ ಜ್ವರ ಬಂದು, ಸ್ವಂತ ಬೀದಿಯ ಬಿಸಿಲು ತಪ್ಪಿಹೋಗಿತ್ತು. ಸೋಮವಾರ ಒಂದು ಮದುವೆ, ಐನೂರು ಹಪ್ಪಳ ಒಪ್ಪಿಕೊಂಡಿದ್ದಳು. ಶನಿವಾರ ಬೆಳಿಗ್ಗೆ ಬುಟ್ಟಿಗಳನ್ನು ಹೊತ್ತುಕೊಂಡು ಮೂವರು ಸೊಸೆಯರ ಜೊತೆ ಶನಿವಾರದ ಬೀದಿಗೆ ಹೋದರೆ ಒಂದು ಅಂಗೈಯಗಲ ಜಾಗವಿಲ್ಲ. ಗೋಡೆಯ ಮೇಲೆಲ್ಲ ಕೌದಿ, ಜಗಲಿಯ ಮೇಲೆಲ್ಲ ಬೇಳೆ. ಅಜ್ಜಿ ತಲೆಯೆತ್ತಿ ನೋಡಿದಳು. ಕಣ್ಣಿನ ಗಾಡಿಯ ನೆತ್ತಿ, ನಾಲ್ಕು ಮಂಚದಷ್ಟು ಅಗಲ, ಕನ್ನಡಿಯಷ್ಟು ನುಣುಪು, ಪೂರ್ತಿ ಬಿಸಿಲು, ಒಂದು ಹಪ್ಪಳವೂ ಇಲ್ಲ. ಇಷ್ಟು ದಿನ ಇದು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದುಕೊಂಡು ಏಣಿ ತರಿಸಿದಳು.

ದಾಕ್ಷಾಯಿಣಮ್ಮ ಆಗ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿಗೆ ಕನ್ನಡಕದ ಹಿಡಿ ಕಟ್ಟಿಕೊಡುತ್ತಿದ್ದರು. ಹನ್ನೊಂದಕ್ಕೆ ಬಂದು ನೋಡಿದರೆ ನಾಲ್ಕೂ ಹಲಗೆ ಹಪ್ಪಳದಲ್ಲಿ ಮುಚ್ಚಿಹೋಗಿವೆ. ಮೇಲೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕಾಗೆ ಓಡಿಸುತ್ತ, "ಬನ್ನಿ ಅಮ್ಮಯ್ಯ, ಎಂಥಾ ಜಾಗ ಮಡಿಕ್ಕೊಂಡಿದ್ದೀರಿ. ಕೆಳಗಿಂದ್ಲೂ ಕಾವು ಹೊಡೀತದೆ" ಎಂದು ಹೊಗಳಿದಳು.

ಹಸಿ ಹಪ್ಪಳ ನಡುವೆ ಎತ್ತಿದರೆ ಹರಿದುಹೋಗುತ್ತದೆ. ಐನೂರು ಹಪ್ಪಳ, ಮೂರು ದಿನದ ರಟ್ಟೆ. ದಾಕ್ಷಾಯಿಣಮ್ಮ ಒಂದು ಮಾತು ಹೇಳಿದ್ದರೆ ಅಜ್ಜಿ ಇಳಿಸುತ್ತಿದ್ದಳೋ ಏನೋ. ಅವರು ಹೇಳಲಿಲ್ಲ. ತಲೆಯೆತ್ತಿ ಸ್ವಲ್ಪ ಹೊತ್ತು ನೋಡಿದರಂತೆ, ಒಳಗೆ ಹೋಗಿ ಫ್ರಿಜ್ ಆರಿಸಿದರಂತೆ, ಫ್ಯಾನು ಆರಿಸಿದರಂತೆ, ಬೀಸಣಿಗೆ ಹಿಡಿದು ಕೂತರಂತೆ. ಬೇಡ ಅನ್ನುವುದಿಲ್ಲ ಎಂದು ಮಾತು ಕೊಟ್ಟಿದ್ದರಲ್ಲ.

ಅವತ್ತು ಸಂಜೆ ತಳ್ಳುಗಾಡಿಯ ಸದ್ದು ಎಂದಿಗಿಂತ ನಿಧಾನವಾಗಿ ಬಂತು. ಬ್ಯಾಟರಿಯನ್ನು ಕೆಳಗಿಳಿಸಿ ಅವರು ಹೇಳಿದರು. "ಇದರಲ್ಲಿ ಕಾಲು ಭಾಗವೂ ಇಲ್ಲ ಪುಟ್ಟತಾಯಿ. ಗಾಡಿಯದೂ ಖಾಲಿ. ಐದು ಗಂಟೆ ಉರಿದರೆ ಹೆಚ್ಚು."

ಆ ಸಂಜೆ ಕರೆಂಟಿಗೂ ಮನಸ್ಸಿರಲಿಲ್ಲ. ಮೊಟ್ಟೆಗಳ ಮೇಲೆ ಕೈಯಿಟ್ಟೆ. ಮೂರು ದಿನ ಕಳೆದರೆ ಒಡೆಯಬೇಕಾದವು. ಒಳಗೆ ಮರಿ ಹೊರಳುವುದು ಅಂಗೈಗೆ ತಿಳಿಯುತ್ತಿತ್ತು. ಏಳೂ ಬೀದಿಗೆ ಏನು ಹೇಳಲಿ ಅನ್ನುವುದಕ್ಕಿಂತ, ಇನ್ನು ಯಾವ ಕಾಲಕ್ಕೂ ನಾಲ್ಕು ಗಂಟೆಗೆ ಮನೆ ಬಿಡುವುದು ತಪ್ಪುವುದಿಲ್ಲವಲ್ಲ ಅನ್ನುವುದೇ ನನ್ನ ತಲೆಯಲ್ಲಿತ್ತು. ವನಜ ಪೆಟ್ಟಿಗೆಯ ಪಕ್ಕ ಕೂತು ತನ್ನ ಲಂಗವನ್ನು ಅದರ ಮೇಲೆ ಹರಡಿದಳು.

ಆಗ ಸಿದ್ಲಿಂಗಜ್ಜಿ ಬಂದಳು, ಕೈಯಲ್ಲಿ ಹತ್ತು ಹಪ್ಪಳ. "ಗಾಡಿಯಮ್ಮ ಇಲ್ಲೇ ಇದಾರಂತೆ. ಜಾಗ ಕೊಟ್ಟಿದ್ದಕ್ಕೆ ತಂದೆ" ಎಂದವಳು ನಮ್ಮ ಮುಖ ನೋಡಿ ಬಾಗಿಲಲ್ಲೇ ನಿಂತಳು. ನಾನೇ ಹೇಳಿದೆ. ಕಪ್ಪು ಹಲಗೆಯೇ ಬಿಸಿಲು ಕುಡಿಯುವುದು, ಅದರ ಮೇಲೆ ಹಪ್ಪಳ ಹಾಕಿದರೆ ಅದು ಉಪವಾಸ, ಅದು ಉಪವಾಸವಾದರೆ ಈ ಮೊಟ್ಟೆ ಉಪವಾಸ.

ಅಜ್ಜಿ ಹಪ್ಪಳವನ್ನು ಕೆಳಗಿಟ್ಟಳು. ಆಮೇಲೆ ದಾಕ್ಷಾಯಿಣಮ್ಮನ ಕಡೆ ತಿರುಗಿದಳು. "ನಿಮಗೆ ಬಾಯಿರಲಿಲ್ವೇ ಅಮ್ಮಯ್ಯ? ನಾನೇನು ಹುಲಿಯೇ?"

"ಬೇಡ ಅನ್ನಬಾರದು ಅಂತ ನೀವೇ ಹೇಳಿದ್ರಲ್ಲ."

"ಹೇಳಿದೋರು ಹೇಳ್ತಾರೆ. ಕೇಳೋರಿಗೆ ಬುದ್ಧಿ ಬೇಡ್ವೇ" ಎಂದು ಬೈದಳು. ಬೈಯುತ್ತಲೇ ಪೆಟ್ಟಿಗೆಯ ಮುಚ್ಚಳ ಸರಿಸಿ ಒಳಗೆ ಕೈ ಹಾಕಿದಳು, ಬಹಳ ಹೊತ್ತು ಹಾಗೇ ಇಟ್ಟುಕೊಂಡಳು. "ಇಷ್ಟೇ ಬಿಸಿ ಸಾಕಾ ಇದಕ್ಕೆ? ಇದು ಸರದಿ ರಾತ್ರಿ ಕೌದಿ ಒಳಗಿರೋ ಬಿಸಿ ಕಣೇ."

ನಾನೂ ದಾಕ್ಷಾಯಿಣಮ್ಮನೂ ಒಬ್ಬರನ್ನೊಬ್ಬರು ನೋಡಿದೆವು. ಹುಟ್ಟಿದಾಗಿನಿಂದ ಅದೇ ಕೌದಿಯಲ್ಲಿ ಮಲಗಿದವಳು ನಾನು. ನನಗೆ ಹೊಳೆದಿರಲಿಲ್ಲ.

ಅಜ್ಜಿ ಆಗಲೇ ಬೀದಿಗಿಳಿದಿದ್ದಳು. ನಾವು ಹಿಂದೆ ಓಡಿದೆವು. ಶನಿವಾರದ ಬೀದಿಯಲ್ಲಿ ಕದಗಳು ಮುಚ್ಚುವ ಹೊತ್ತು. ಕೆಂಚಣ್ಣ ಎಂಬ ಗಾರೆ ಕೆಲಸದವನು ಎರಡು ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋಗುತ್ತಿದ್ದ. ಅಜ್ಜಿ ತಡೆದಳು.

"ಕೊಡೋ ಇಲ್ಲಿ."

"ವಾರಕ್ಕೊಂದೇ ರಾತ್ರಿ ಕಣಜ್ಜಿ. ವಾರವೆಲ್ಲ ಸಿಮೆಂಟಲ್ಲಿ ನಿಂತು ಮೂಳೆ ಕೊರೀತವೆ."

"ಗೊತ್ತು ಕಣೋ. ನಿಂಗೆ ಪಕ್ಕದಲ್ಲಿ ಹೆಂಡ್ತಿ ಇದಾಳೆ. ಮೊಟ್ಟೆಗೆ ಯಾರಿದಾರೆ?"

ಒಳಗಿನಿಂದ ಅವನ ಹೆಂಡತಿ ನಕ್ಕ ಸದ್ದು ಕೇಳಿಸಿತು. ಕೆಂಚಣ್ಣ ನಗಲಿಲ್ಲ, ಕೌದಿಯನ್ನೂ ಬಿಡಲಿಲ್ಲ. ಅಜ್ಜಿಯ ದನಿ ಇಳಿಯಿತು. ಅವಳು ದನಿ ಇಳಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಹಪ್ಪಳ ಹಾಕಿದವಳು ನಾನು ಕೆಂಚಾ. ತಪ್ಪು ನಂದು, ಕೌದಿ ನಿಮ್ದು. ನಮ್ಮ ಬೀದಿ ಕೌದಿ ತಣ್ಣಗಾಗಿ ಎರಡು ದಿನ ಆಯ್ತು, ಇದ್ದಿದ್ರೆ ನಿನ್ನ ಕೇಳ್ತಿರಲಿಲ್ಲ. ಗುರುವಾರ ನನ್ನ ಕೌದಿ ನಿನ್ನ ಮನೆಗೆ ಕಳಿಸ್ತೀನಿ. ನಾನು ಗೋಣಿಚೀಲ ಹೊದ್ಕೋತೀನಿ."

ಕೆಂಚಣ್ಣ ಕೌದಿಯನ್ನು ಒಮ್ಮೆ ಕೆನ್ನೆಗೆ ಒತ್ತಿಕೊಂಡ. ಆಮೇಲೆ ಎರಡನ್ನೂ ನನ್ನ ತೋಳಿಗೆ ಹಾಕಿದ. ಬಿಸಿಲಿನ, ಹಳೆಯ ಸೀರೆಯ, ಯಾರದೋ ಮಕ್ಕಳ ವಾಸನೆ. ಮುಂದಿನ ಮನೆಯ ಕದ ತಾನೇ ತೆರೆಯಿತು, ಅದರ ಮುಂದಿನದೂ ತೆರೆಯಿತು. ನಾವು ಮನೆ ಸೇರುವ ಹೊತ್ತಿಗೆ ಹದಿನೇಳು ಕೌದಿಗಳಾಗಿದ್ದವು.

ದಾಕ್ಷಾಯಿಣಮ್ಮ ಮೊದಲು ಬಲ್ಬು ಆರಿಸಿದರು. ತಡೆಯಲು ಹೋದ ನನಗೆ ಹೇಳಿದರು. "ಇರೋದನ್ನ ಬೆಳಿಗ್ಗೆಗೆ ಇಟ್ಕೊಳ್ಳೋಣ. ಕೌದಿ ಆರಿದ ಮೇಲೆ, ಭಾನುವಾರದ ಬೀದಿ ಬಿಸಿಲು ನನ್ನ ಹಲಗೆಗೆ ಬರೋವರೆಗೆ ಅದೇ ಸೇತುವೆ. ರಾತ್ರೀದು ಕೌದಿ ನೋಡ್ಕೊಳ್ಳಲಿ." ಮೊಟ್ಟೆಗೆ ಗಾಳಿಯಾಡಲು ಒಂದು ಕಡೆ ಸಂದು ಬಿಟ್ಟು ಸುತ್ತಲೂ ಕೌದಿ ಹೊದಿಸಿದೆವು. ಥರ್ಮಾಮೀಟರು ಮೂವತ್ತಾರಕ್ಕೆ ಇಳಿಯಿತು. ಅಜ್ಜಿ ಇನ್ನೊಂದು ಕೌದಿ ತುರುಕಿದಳು. ಪಾದರಸ ನಿಂತಿತು, ನಿಧಾನವಾಗಿ ಏರಿತು, ಮೂವತ್ತೇಳು, ಮೂವತ್ತೇಳೂವರೆ. ಮೇಲೆ ಹೋದಾಗ ಅಜ್ಜಿ ಒಂದು ಎಳೆದಳು, ಕೆಳಗೆ ಬಂದಾಗ ಒಂದು ಹೊದಿಸಿದಳು. ದಾಕ್ಷಾಯಿಣಮ್ಮ ಕನ್ನಡಕ ಏರಿಸಿಕೊಂಡು ಅಂಕಿ ಓದುವುದು, ಅಜ್ಜಿ ಕೌದಿ ನೋಡಿಕೊಳ್ಳುವುದು. ಇಬ್ಬರೂ ಎಷ್ಟೋ ವರ್ಷ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದವರ ಹಾಗೆ ಕಂಡರು.

ನಾಲ್ಕಕ್ಕೆ ನಾನು ಹೊರಡಲೇಬೇಕಿತ್ತು. ಮೊಟ್ಟೆ ಇದ್ದರೂ ಸತ್ತರೂ ಇನ್ನೂರು ಮಕ್ಕಳಿಗೆ ತಿಂಡಿ ಆಗಬೇಕು. "ಹೋಗೇ, ನಾವೇನು ಮೊಟ್ಟೆ ತಿಂದುಬಿಡ್ತೀವಾ" ಎಂದಳು ಅಜ್ಜಿ. ಅವತ್ತು ಉಪ್ಪಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನ ಓಡುತ್ತ ಬಂದೆ. ಬಲ್ಬು ಉರಿಯುತ್ತಿತ್ತು. ವನಜ ವರದಿ ಒಪ್ಪಿಸಿದಳು. ಆರಕ್ಕೆ ಕೌದಿಗಳು ತಣ್ಣಗಾದವು, ಉಳಿಸಿದ ಬ್ಯಾಟರಿ ಹಾಕಿದರು. ಭಾನುವಾರದ ಬೀದಿಯವರು ಬೆಳಕು ಹರಿಯುವ ಮೊದಲೇ ಗಾಡಿ ತಳ್ಳಿಕೊಂಡು ಹೋದರು. ಒಂಬತ್ತೂವರೆಗೆ ಅಜ್ಜಿಯ ಮೂವರು ಸೊಸೆಯರು ತುಂಬಿದ ಇನ್ನೊಂದು ಬ್ಯಾಟರಿ ತಂದರು. "ನಡುವೆ ಒಂದೇ ಸಲ ಮೂವತ್ತಾರಾಯ್ತು ಅಮ್ಮ. ಆಗ ನಾನು ತಬ್ಕೊಂಡೆ." ಅಜ್ಜಿ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಅವಳ ಮೇಲೆ ಹದಿನೇಳರಲ್ಲಿ ಒಂದೂ ಇರಲಿಲ್ಲ, ಎಲ್ಲವನ್ನೂ ಮಡಚಿ ಶನಿವಾರದ ಬೀದಿಗೆ ಕಳಿಸಿ ಮಲಗಿದ್ದಳು.

ಮಂಗಳವಾರ ಸಂಜೆ ಮೊದಲ ಮೊಟ್ಟೆ ಬಿರಿಯಿತು. ಅದರ ಮೇಲೆ 'ಶ' ಎಂದಿತ್ತು. ಬುಧವಾರ ಕತ್ತಲಾಗುವಷ್ಟರಲ್ಲಿ ತೊಂಬತ್ನಾಲ್ಕು ಮರಿ. ಏಳೂ ಬೀದಿಯವರು ಬುಟ್ಟಿ ಹಿಡಿದು ಸಾಲು ನಿಂತರು. ಕೆಂಚಣ್ಣ ತನ್ನ ಮರಿಗಳನ್ನು ಮನೆಯಿಂದ ತಂದ ಕೌದಿಯಲ್ಲೇ ಸುತ್ತಿಕೊಂಡು ಹೋದ.

ಈಗ ಕಣ್ಣಿನ ಗಾಡಿಯ ನೆತ್ತಿಯನ್ನು ಯಾರೂ ಮುಟ್ಟುವುದಿಲ್ಲ. ಸಿದ್ಲಿಂಗಜ್ಜಿ ಕೋಲು ಹಿಡಿದು ಕೆಳಗೆ ಕೂತಿರುತ್ತಾಳೆ. ಮಿಕ್ಕ ಬಿಸಿಲಿನಲ್ಲಿ ದಾಕ್ಷಾಯಿಣಮ್ಮ ಅವಳಿಗೊಂದು ಫ್ಯಾನಿನ ಗೂಡು ಮಾಡಿಕೊಟ್ಟಿದ್ದಾರೆ, ಸರದಿಯಿಲ್ಲದ ದಿನವೂ ಅದರಲ್ಲಿ ಹಪ್ಪಳ ಒಣಗುತ್ತದೆ. ರುಚಿ ಸಾಲದು ಎಂದು ಅಜ್ಜಿ ದೂರುತ್ತಾಳೆ, ಬಳಸುವುದನ್ನು ಬಿಟ್ಟಿಲ್ಲ. ಇಂಜಿನ್ನಿನ ಭಾಗ ಬಂದು ಎರಡು ತಿಂಗಳಾಯಿತು. ಅದು ಗಾಡಿಯೊಳಗೆ ಚಮಚಗಳ ಡ್ರಾಯರಿನಲ್ಲಿದೆ. ನಾನು ಕಂಡಿದ್ದೇನೆ, ಕೇಳಿಲ್ಲ.

ಮೂರನೆಯ ಸಲದ ಮರಿಗಳಾದ ಮೇಲೆ ಹಾಸ್ಟೆಲಿಗೆ ಹೇಳಿ ಕೆಲಸ ಬಿಟ್ಟೆ. ಮರುದಿನ ಬೆಳಿಗ್ಗೆ ವನಜ ಕಣ್ಣು ಬಿಡುವಾಗ ನಾನು ಅವಳ ಪಕ್ಕದಲ್ಲಿ ಬಾಚಣಿಗೆ ಹಿಡಿದು ಕೂತಿದ್ದೆ. ಅವಳು ನನ್ನನ್ನು ನೋಡಿದಳು, ಕಿಟಕಿಯ ಕಡೆ ನೋಡಿದಳು, ಹೊರಗೆ ಬೆಳಗಾಗಿದೆ ಅನ್ನುವುದನ್ನು ಖಾತ್ರಿ ಮಾಡಿಕೊಂಡಳು. ಆಮೇಲೆ ಎದ್ದು ಕೂತು, ಮೊಟ್ಟೆಯ ಬಿಸಿ ನೋಡುವ ಹಾಗೆಯೇ, ನನ್ನ ಹಣೆಯ ಮೇಲೆ ಅಂಗೈ ಇಟ್ಟಳು.

"ಹುಷಾರಿಲ್ವಾ ಅಮ್ಮ ನಿಂಗೆ?"

"ಹುಷಾರಾಗಿದೀನಿ. ತಿರುಗು, ಬೈತಲೆ ತೆಗೀತೀನಿ."

ಹೊರಗೆ ಗಾಡಿಯ ಗಾಲಿ ಉರುಳುವ ಸದ್ದು ಕೇಳಿಸಿತು. ಅವತ್ತು ಗುರುವಾರ. ಬಿಸಿಲು ನಮ್ಮ ಬೀದಿಗೇ ಬರುತ್ತಿತ್ತು.